ಮೇಷ್ಟ್ರ ಕೈ

14 ನವೆಂಬರ್ 1997, ಶುಕ್ರವಾರ. ಕ್ಲೇರ್ ಕೌಂಟಿ.

ಬಲಗೈ ಬೆರಳು ಇನ್ನೂ ಸೆಟೆದುಕೊಂಡಿವೆ, ಅಕ್ಷರ ಸೊಟ್ಟಗಾಗುತ್ತಿದೆ.

ಅಣ್ಣ ಫಿಂಟನ್‌ನ ಹೆಣ ನಡುಮನೆಯಲ್ಲಿತ್ತು. ಊರವರು ಸಾಲಾಗಿ ಬಂದು ನಮ್ಮ ಕೈ ಕುಲುಕುತ್ತಿದ್ದರು. ಸಾವಿನ ಮನೆಯಲ್ಲಿ ಚಾಚಿದ ಕೈಯನ್ನು ಯಾರೂ ಬೇಡವೆನ್ನುವುದಿಲ್ಲ. ಆ ಧೈರ್ಯದ ಮೇಲೇ ಕ್ವಿಲ್ಟಿ ಮೇಷ್ಟ್ರು ಬಂದದ್ದು. ಶಾಲೆಯಲ್ಲಿ ಫಿಂಟನ್‌ನ ಎಡಗಿವಿಗೆ ಬಾರಿಸಿ ಕಿವುಡು ಮಾಡಿದ ಕೈ ಅದು. ಅವತ್ತು ಮನೆಗೆ ಬಂದು ಹೇಳಿದ್ದಕ್ಕೆ ಅಪ್ಪನೂ ಬಾರಿಸಿದ್ದ. ಮೇಷ್ಟ್ರೂ ಪಾದ್ರಿಯೂ ತಪ್ಪೇ ಮಾಡದಿದ್ದ ಕಾಲ.

"ನಿನ್ನ ಕಷ್ಟ ಕೇಳಿ ಬೇಜಾರಾಯ್ತಪ್ಪ, ಮ್ಯಾಲಕಿ. ನಾಲ್ಕು ಏಟು ಬಿದ್ದಿದ್ದಕ್ಕೇ ನಿಮ್ಮಣ್ಣ ಮನುಷ್ಯನಾದ" ಎಂದು ಕೈ ಚಾಚಿದ.

ಹಿಡಿದೆ. ಬಿಡಲಿಲ್ಲ. ಜೀವಮಾನವಿಡೀ ಜೌಗಿನಲ್ಲಿ ಉರುವಲು ಮಣ್ಣು ಕಡಿದ ಕೈ ನನ್ನದು. ಅದುಮುತ್ತ ಹೋದೆ. ಒಳಗೆ ಏನೋ ಲಟಕ್ಕೆಂದಿತು. ಮುದುಕ ಶವಪೆಟ್ಟಿಗೆಯ ಪಕ್ಕ ಮಂಡಿಯೂರಿದ.

"ಬಿಡೋ! ಮೂಳೆ ಮುರೀತು, ಬಿಡೋ!"

ಯಾರೂ ಅಡ್ಡ ಬರಲಿಲ್ಲ. ಪಾದ್ರಿ ತನ್ನ ಟೀ ಬಟ್ಟಲನ್ನೇ ನೋಡುತ್ತಿದ್ದ. ಅತ್ತಿಗೆ ಬ್ರೀಡ್ ಕೂತಲ್ಲಿಂದ ಏಳದೆ ಹೇಳಿದಳು:

"ಇನ್ನೂ ಜೋರಾಗಿ ಕೂಗಿ ಮೇಷ್ಟ್ರೇ. ನಮ್ಮನೆಯವರಿಗೆ ಆ ಕಿವಿ ಕೇಳ್ಸಲ್ಲ."

ಮತ್ತೂ ಅದುಮಿದೆ. ಎಂಬತ್ತು ದಾಟಿದ ಮುದುಕನ ಮೂಳೆ. ಥೂ, ಎಷ್ಟು ಹಿತವಾಗಿತ್ತು.