ಮಂಗಟ್ಟೆಗೆ ಆಷಾಢವಿಲ್ಲ

ಪ್ರೀತಿಯ ಅತ್ತೆ,

ಬೋರ್ನಿಯೋ ಮಳೆಕಾಡಿನ ನದಿಯಲ್ಲಿ ನಮ್ಮ ಕಾಲೇಜಿನ ಅಧ್ಯಯನ ಪ್ರವಾಸದ ದೋಣಿ ಸಾಗುತ್ತಿದೆ. ನೀರು ಥೇಟ್ ನಿಮ್ಮ ಫಿಲ್ಟರ್ ಕಾಫಿಯ ಬಣ್ಣ. ಇವತ್ತು ಮಂಗಟ್ಟೆ ಹಕ್ಕಿಯ ಗೂಡು ಕಂಡೆವು. ಹೆಣ್ಣು ಮರದ ಪೊಟರೆಗೆ ಮಣ್ಣು ಮೆತ್ತಿಕೊಂಡು ಒಳಗೇ ಕೂತಿದೆ, ಗಂಡು ಹಣ್ಣು ತಂದು ಸಂದಿಯಿಂದ ತಿನ್ನಿಸುತ್ತಿದೆ. ಎಂಥ ಮುದ್ದು ಗೊತ್ತಾ ಅತ್ತೆ. ಗೆಳತಿ ಕವನಾ, "ಇವಳಿಗೆ ಆಷಾಢ ಇಲ್ಲ ನೋಡೇ, ಗಂಡ ಬಾಗಿಲಲ್ಲೇ ಇದಾನೆ" ಎಂದು ರೇಗಿಸಿದಳು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು.

ನೆಗಡಿ ಹೋಗಿದೆ. ಚಟ್ನಿಪುಡಿ ಮುಗಿದಿದೆ.

ಆಷಾಢ ಮುಗಿಯುವ ಮೊದಲೇ ಬೆಂಗಳೂರಿಗೆ ಬಂದಿಳಿಯುತ್ತೇನೆ. ಹೊಸ ಸೊಸೆ ಈಗ ನಿಮ್ಮ ಹೊಸಿಲು ದಾಟುವಂತಿಲ್ಲ, ಒಪ್ಪಿದೆ, ವಿಜಯನಗರಕ್ಕೆ ಅಮ್ಮನ ಮನೆಗೇ ಹೋಗುತ್ತೇನೆ. ಆದರೆ ಏರ್‌ಪೋರ್ಟ್ ಯಾರ ಮನೆಯೂ ಅಲ್ಲವಲ್ಲ, ಕರೆದುಕೊಂಡು ಹೋಗಲು ಇವರನ್ನೇ ಕಳಿಸಿ.

ಅವಸರದಲ್ಲಿ,
ನಿಮ್ಮ ಸೊಸೆ ತನ್ಮಯಿ