ಸಾಕು ಅಂದುಬಿಟ್ಟೆ

ಅಮ್ಮಾ,

ವಿಜಯವಾಡದಲ್ಲಿ ಸಾಕಿದವರ ಮನೆಯಿಂದ ಮೂರನೇ ಸಲ ಓಡಿಬಂದೆ. ಗಾಜುವಾಕದಲ್ಲಿರುವ ನಿನ್ನ ತಾಯಿಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ಮೊಮ್ಮಗಳೆಂದು ತಿಳಿಸದೆ, ಹೆಸರು ಲಾವಣ್ಯ, ಕನ್ನಡ ಬರುವುದಿಲ್ಲ ಎಂದು ಅವರಿಗೆ ಸುಳ್ಳು ಹೇಳಿದ್ದೇನೆ. ಕೆಳಗಿನಿಂದ ಅವರ ಕನ್ನಡ ಕೇಳಿಸಿದಾಗಲೆಲ್ಲ ನಿನ್ನ ಮಡಿಲಲ್ಲಿ ಅರೆನಿದ್ದೆಯಲ್ಲಿದ್ದ ಹಾಗಾಗುತ್ತದೆ.

ಇವತ್ತು ಮಧ್ಯಾಹ್ನ ಊಟಕ್ಕೆ ಕರೆದು ಹುಳಿ ಬಡಿಸುತ್ತಿದ್ದರು. ತೆಲುಗಿನಲ್ಲಿ ‘ಚಾಲು’ ಅನ್ನಬೇಕಾದವಳು ತಟ್ಟೆಗೆ ಕೈ ಅಡ್ಡ ಹಿಡಿದು, ನೀನು ಅನ್ನುತ್ತಿದ್ದ ಹಾಗೇ, ‘ಸಾಕು ಸಾಕು’ ಅಂದುಬಿಟ್ಟೆ.

ಸೌಟು ಹಾಗೇ ನಿಂತಿತು. ಕಿಟಕಿಯ ಪರದೆ ಮೆಲ್ಲಗೆ ಉಬ್ಬಿ ಇಳಿಯಿತು. ನಾನು ಯಾರೆಂದು ಅವರು ಕೇಳಲಿಲ್ಲ. ಇನ್ನೊಂದು ಸೌಟು ಹುಳಿ ಹಾಕಿ, ‘ನಿಮ್ಮಮ್ಮಂದು ಊಟ ಆಯ್ತೇನೇ?’ ಅಂದರು.

ನೀನು ತೀರಿಕೊಂಡು ಹನ್ನೊಂದು ವರ್ಷ.

‘ಆಯ್ತು ಅಜ್ಜಿ,’ ಅಂದೆ.