ಡಬ್ಬಿ ಬಾಯಿಬಿಟ್ಟಿತು

೧೨ ಜುಲೈ, ಶನಿವಾರ

ಇವತ್ತು ಮಾನ ಹೋಯಿತು, ಅದೂ ನಾನೇ ತಂದಿಟ್ಟ ಡಬ್ಬಿಯಿಂದ. ಮಗಳಿಗೆ ಉಬ್ಬಸ. ಮನೆಯೊಳಗಿನ ಗಾಳಿ ಕೆಟ್ಟರೆ ತಿಳಿಯಲಿ ಎಂದು ಹಾಲ್‌ನಲ್ಲಿ ಗಾಳಿ ಅಳೆಯುವ ಸೆನ್ಸರ್ ಡಬ್ಬಿ ಇಟ್ಟು, ಬೆಳಿಗ್ಗೆಯೆಲ್ಲ ಕೂತು ಸ್ಪೀಕರ್‌ಗೆ ಜೋಡಿಸಿದ್ದೆ. ಎಚ್ಚರಿಕೆ ಮೊಬೈಲಿಗೆ ಬಂದಿದ್ದರೆ ಸಾಕಿತ್ತು. ಗಟ್ಟಿಯಾಗಿ ಕೂಗಲಿ ಎಂಬ ದುರ್ಬುದ್ಧಿ ಯಾಕೆ ಬಂತೋ!

ಸಂಜೆ ಇವರ ಅಣ್ಣ ಬಂದರು. ಭಾವನಿಗಿಂತ ಮೊದಲು ಅವರ ಸೆಂಟು ಒಳಗೆ ಬರುತ್ತದೆ. ಅವರು ಬಂದಾಗಲೆಲ್ಲ ಮಗಳು ಕೆಮ್ಮುತ್ತಾಳೆ. ಹೇಳುವ ಧೈರ್ಯ ಯಾರಿಗೂ ಇಲ್ಲ. ಅವರು ಸೋಫಾದಲ್ಲಿ ಕೂತರೋ ಇಲ್ಲವೋ, ಡಬ್ಬಿ ಕೂಗಿತು: "ಹಾಲ್‌ನ ಗಾಳಿ ಕೆಟ್ಟಿದೆ. ದಯವಿಟ್ಟು ಕಿಟಕಿ ತೆರೆಯಿರಿ."

"ಯಾರಿಗಮ್ಮ ಹೇಳ್ತಿರೋದು ಅದು?" ಎಂದರು ಭಾವ.

ಇವರು ಪೇಪರಿನಲ್ಲಿ ಮುಖ ಹುದುಗಿಸಿದರು. ಮಗಳೇ ಹೇಳಿದಳು: "ನಿಮ್ಮ ಸೆಂಟಿಗೆ, ದೊಡ್ಡಪ್ಪ."

ಭಾವ ಮುಖ ಸಣ್ಣದು ಮಾಡಿಕೊಂಡು ಹಿತ್ತಲಿಗೆ ಹೋದರು. ನಾನು ಕಿಟಕಿ ತೆರೆದೆ. ಸ್ವಲ್ಪ ಹೊತ್ತಿಗೆ ಡಬ್ಬಿ, "ಈಗ ಗಾಳಿ ಚೆನ್ನಾಗಿದೆ" ಎಂದಿತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಆಮೇಲೆ ನೋಡಿದರೆ, ಭಾವ ನಲ್ಲಿಯಲ್ಲಿ ಕುತ್ತಿಗೆಯೆಲ್ಲ ತೊಳೆದು, ಹಗ್ಗದ ಮೇಲಿದ್ದ ಇವರ ಬಿಗಿ ಶರ್ಟು ತೊಟ್ಟು ಬಾಗಿಲಲ್ಲಿ ನಿಂತಿದ್ದಾರೆ. "ಒಳಗೆ ಬರಬಹುದಾ?" ಎಂದು ಕೇಳಿದ್ದು ನಮ್ಮನ್ನಲ್ಲ, ಡಬ್ಬಿಯನ್ನು. ಅದು ಸುಮ್ಮನಿತ್ತು. ಮಗಳು ಓಡಿಹೋಗಿ ಅವರ ಕೈಹಿಡಿದು ಕರೆತಂದು ಪಕ್ಕದಲ್ಲೇ ಕೂತಳು. ಒಮ್ಮೆಯೂ ಕೆಮ್ಮಲಿಲ್ಲ.

ಮಲಗುವ ಮುಂಚೆ ಸ್ಪೀಕರ್ ತೆಗೆಯಲು ಹೋದರೆ ಅತ್ತೆ ಬಿಡಲಿಲ್ಲ. "ಇರ್ಲಿ ಬಿಡೇ. ಹೆತ್ತ ನನ್ನ ಕೈಲೇ ಅವನಿಗೆ ಹೇಳಕ್ಕಾಗಿರ್ಲಿಲ್ಲ. ನಾಳೆ ಅದನ್ನ ನಿನ್ನ ಗಂಡನ ಸಾಕ್ಸ್ ಹತ್ರ ಇಡು."

ನಗು ತಡೆಯಲಾಗುತ್ತಿಲ್ಲ. ಇವರು ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದಾರೆ, ಕಾಲಲ್ಲಿ ಸಾಕ್ಸ್ ಇನ್ನೂ...